ಬೆಂಗಳೂರಿನ ಹಣೆಬರಹ ಬರೆದ ಹೊಲಗಳು

ಜಗಳೂರಿನಿಂದ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ನಮ್ಮ ಸೊಕ್ಕೆ ಕಡೆಯ ಹುಡುಗರು ಇಬ್ಬರಾದರೂ ಸಿಗುತ್ತಾರೆ. ಕಾಲ ಬಳಿ ಒಂದು ಕೈಚೀಲ, ಅದರೊಳಗೆ ಬಟ್ಟೆಯಲ್ಲಿ ಸುತ್ತಿದ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಮಳೆ ಕೈಕೊಟ್ಟ ವರ್ಷ ಬಸ್ಸು ಇನ್ನಷ್ಟು ತುಂಬುತ್ತದೆ. ಒಮ್ಮೆ ಪಕ್ಕದ ಸೀಟಿನ ಹುಡುಗ ಕೇಳಿದ: "ಅಣ್ಣಾ, ನಮ್ ಕಡೆ ಇತಿಹಾಸ ಅಂತ ಏನಾದ್ರೂ ಐತಾ? ಎಲ್ಲಾ ಬೆಂಗ್ಳೂರು, ಮೈಸೂರು, ಹಂಪೀದೇ ಆತಲ್ಲ." ಆಗ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಇದು ತಡವಾಗಿ ಕೊಡುತ್ತಿರುವ ಉತ್ತರ.

ಉತ್ತರ ಇಷ್ಟೇ: ತಮ್ಮಾ, ನೀನು ದುಡಿಯಲು ಹೋಗುತ್ತಿರುವ ಆ ಬೆಂಗಳೂರಿನ ಹಣೆಬರಹ ಎರಡು ಸಲ ತಿರುಗಿದೆ, ಎರಡು ಸಲವೂ ತಿರುಗಿಸಿದ್ದು ನಮ್ಮ ಕಡೆಯ ನೆಲ. ಒಂದು ಸಲ ಚನ್ನಗಿರಿ ತಾಲ್ಲೂಕಿನ ಒಂದು ಹೊಲದಲ್ಲಿ ಕುದುರೆ ಮುಗ್ಗರಿಸಿತು. ಇನ್ನೊಂದು ಸಲ ನಗರ (ಹಳೆಯ ಬಿದನೂರು) ಸೀಮೆಯ ರೈತರು ಕಂದಾಯ ಕಟ್ಟುವುದಿಲ್ಲ ಎಂದು ಬಯಲಿನಲ್ಲಿ ಕೂತರು.

ಮೊದಲು ಕುದುರೆಯ ಕತೆ.

ಚನ್ನಗಿರಿ ತಾಲ್ಲೂಕಿನಲ್ಲಿ ಹೊದಿಗೆರೆ ಎಂಬ ಊರಿದೆ. ಅಲ್ಲಿ ಒಂದು ಕಲ್ಲಿನ ಸಮಾಧಿ ಇದೆ. ಗೋಪುರ ಇಲ್ಲ, ಗುಮ್ಮಟ ಇಲ್ಲ. ಗೊತ್ತಿಲ್ಲದವರು ಯಾರೋ ಊರಗೌಡರದ್ದಿರಬೇಕು ಎಂದುಕೊಂಡು ಮುಂದೆ ಹೋಗುತ್ತಾರೆ. ಅದು ಶಿವಾಜಿಯ ತಂದೆ ಷಹಾಜಿ ಭೋಸಲೆಯದು.

ಪುಣೆಯ ಕಡೆಯ ಮನುಷ್ಯ ಇಲ್ಲಿಗೆ ಹೇಗೆ ಬಂದ? ಬಿಜಾಪುರದ ಆದಿಲ್‌ಶಾಹಿ ದಂಡು ರಣದುಲ್ಲಾ ಖಾನನ ಮುಂದಾಳತ್ವದಲ್ಲಿ 1637-38ರಲ್ಲಿ ತುಂಗಭದ್ರೆ ದಾಟಿ ಕೆಳಗಿಳಿದಾಗ ಷಹಾಜಿ ಅದರ ಸರದಾರರಲ್ಲಿ ಒಬ್ಬ. ಆ ದಂಡು ತುಳಿದ ಸೀಮೆಗಳಲ್ಲಿ ಬಸವಾಪಟ್ಟಣ, ಸಂತೆಬೆನ್ನೂರುಗಳೂ ಇದ್ದವು. ಅಲ್ಲಿ ಆಳುತ್ತಿದ್ದವರು ಕೆಂಗ ಹನುಮಪ್ಪನಾಯಕನ ಮನೆತನದವರು. ಸಂತೆಬೆನ್ನೂರಿನ ಪುಷ್ಕರಣಿ ಕಟ್ಟಿಸಿದ್ದು ಅದೇ ಮನೆತನ. ಈಗಲೂ ಹೋಗಿ ನೋಡಿ: ನೀರಿನ ನಡುವೆ ನಿಂತ ವಸಂತ ಮಂಟಪ, ನಾಲ್ಕೂ ಕಡೆ ಇಳಿಯುವ ಮೆಟ್ಟಿಲು, ದಂಡೆಯಾಚೆ ಎದುರಿಗೇ ಬಿಜಾಪುರದವರ ಕಾಲದ ಮುಸಾಫಿರ್‌ಖಾನೆ. ಗೆದ್ದವರ ಕಟ್ಟಡ, ಸೋತವರ ಕಟ್ಟಡ ಎದುರುಬದುರು ನಿಂತಿವೆ. ನೆಲೆ ತಪ್ಪಿದ ನಾಯಕರ ಮನೆತನ ಕೊನೆಗೆ ತರೀಕೆರೆಯ ಕಡೆ ಹೋಗಿ ಬೇರೂರಿತು. ಈ ತರೀಕೆರೆ ಎಂಬ ಹೆಸರು ನೆನಪಿರಲಿ, ಇನ್ನೂರು ವರ್ಷ ಕಳೆದ ಮೇಲೆ ಮತ್ತೆ ಬರುತ್ತದೆ.

ಅದೇ ದಂಡಯಾತ್ರೆ ಮುಂದುವರಿದು 1638ರಲ್ಲಿ ಬೆಂಗಳೂರನ್ನು ಹಿಡಿಯಿತು. ಕೆಂಪೇಗೌಡರ ಮನೆತನ ಮಾಗಡಿಗೆ ಸರಿಯಿತು. ಬೆಂಗಳೂರು ಷಹಾಜಿಯ ಜಹಗೀರಾಯಿತು. ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಆ ಊರು ಅವನ ಕೈಯಲ್ಲಿತ್ತು.

1664ರ ಜನವರಿ. ಷಹಾಜಿಗೆ ಆಗ ಎಪ್ಪತ್ತರ ಆಸುಪಾಸು. ಬಿದನೂರಿನ ಮೇಲೆ ಹೊರಟಿದ್ದ ಬಿಜಾಪುರದ ದಂಡಿನ ಜೊತೆ ಬಂದವನು ಹೊದಿಗೆರೆಯ ಬಳಿ ಬೀಡುಬಿಟ್ಟಿದ್ದ. ಬೇಟೆಗೆ ಹೋದ. ಜಿಂಕೆಯ ಬೆನ್ನು ಹತ್ತಿದ ಕುದುರೆಯ ಕಾಲು ಬಳ್ಳಿಗೆ ಸಿಕ್ಕಿತು ಎನ್ನುತ್ತಾರೆ, ಕೆಲವರು ಬಿಲಕ್ಕೆ ಹೊಕ್ಕಿತು ಎನ್ನುತ್ತಾರೆ. ಕುದುರೆ ಬಿತ್ತು, ಸವಾರ ಅಲ್ಲೇ ತೀರಿಕೊಂಡ. ಅದೇ ತಿಂಗಳ ಮೊದಲ ದಿನಗಳಲ್ಲಿ ಮಗ ಶಿವಾಜಿ ಸೂರತ್ ನಗರವನ್ನು ಕೊಳ್ಳೆ ಹೊಡೆದು ಇಡೀ ಹಿಂದೂಸ್ತಾನದ ಬಾಯಲ್ಲಿ ತನ್ನ ಹೆಸರು ಕುಣಿಸಿದ್ದ. ಆ ಗೆಲುವಿನ ಬೆನ್ನಿಗೇ ಅವನಿಗೆ ಸಿಕ್ಕಿದ್ದು ಚನ್ನಗಿರಿ ಕಡೆಯ ಈ ಸುದ್ದಿ.

ಬೆಂಗಳೂರಿನ ಜಹಗೀರು ಶಿವಾಜಿಯ ಮಲತಮ್ಮ ಏಕೋಜಿಗೆ ಹೋಯಿತು. ಏಕೋಜಿಯ ಕಣ್ಣು ತೆಂಕಣಕ್ಕಿತ್ತು. 1670ರ ದಶಕದ ನಡುವಿನಲ್ಲಿ ತಂಜಾವೂರು ಕೈಗೆ ಬಂದಮೇಲೆ ಕಾವೇರಿಯ ಗದ್ದೆ ಬಯಲು ಬಿಟ್ಟು ಈ ಎತ್ತರದ ಬೆಂಗಳೂರಿಗೆ ಅವನೇಕೆ ಬಂದಾನು? 1677ರಲ್ಲಿ ಅಣ್ಣ ಶಿವಾಜಿಯೇ ದಂಡು ಕಟ್ಟಿಕೊಂಡು ಬಂದು ಅಪ್ಪನ ಆಸ್ತಿಯಲ್ಲಿ ಅರ್ಧ ಪಾಲು ಕೇಳಿದ. ನಮ್ಮ ಊರುಗಳ ಪಾಲುಪಂಚಾಯ್ತಿಯ ಹಾಗೇ, ಇಲ್ಲಿ ಪಂಚರ ಬದಲು ಕುದುರೆ ಸವಾರರಿದ್ದರು ಅಷ್ಟೆ. ಕೊನೆಗೆ ಏಕೋಜಿ ಬೆಂಗಳೂರನ್ನು ಮಾರಲು ಹೊರಟ. ಕೊಳ್ಳಲು ನಿಂತವರು ಮೈಸೂರಿನ ಚಿಕ್ಕದೇವರಾಜ ಒಡೆಯರು, ಬೆಲೆ 3 ಲಕ್ಷ ರೂಪಾಯಿ. ವ್ಯವಹಾರ ಕುದುರುವಷ್ಟರಲ್ಲಿ ಔರಂಗಜೇಬನ ಸೇನಾನಿ ಕಾಸಿಂ ಖಾನ್ ನುಗ್ಗಿ ಬಂದು 1687ರ ಜುಲೈನಲ್ಲಿ ಕೋಟೆಯ ಮೇಲೆ ಮೊಗಲ್ ಬಾವುಟ ಹಾರಿಸಿದ. ಅವನಿಗೂ ಊರು ಇಟ್ಟುಕೊಳ್ಳುವ ಆಸೆ ಇರಲಿಲ್ಲ, ಅದೇ ಬೆಲೆಗೆ ಮೈಸೂರಿಗೆ ಬಿಟ್ಟುಕೊಟ್ಟ. 3 ಲಕ್ಷಕ್ಕೆ ಈಗ ಬೆಂಗಳೂರಿನಲ್ಲಿ ಸೈಟಿನ ಮುಂಗಡವೂ ಆಗುವುದಿಲ್ಲ.

ಹೊದಿಗೆರೆಯಲ್ಲಿ ಆ ಕುದುರೆ ಮುಗ್ಗರಿಸದಿದ್ದರೆ ಬೆಂಗಳೂರು ಮರಾಠರ ಊರಾಗಿಯೇ ಉಳಿಯುತ್ತಿತ್ತೇ? ಹಾಗೆ ಅಳೆದು ಹೇಳಲು ನಾನು ಜ್ಯೋತಿಷಿಯಲ್ಲ. ಆದರೆ ಅಪ್ಪನ ಸಾವಿನಿಂದ ಪಾಲಿನ ಜಗಳ, ಜಗಳದ ನಂತರ ಮಾರಾಟ, ಮಾರಾಟದಿಂದ ಮೈಸೂರಿನ ಕೈಗೆ ಬೆಂಗಳೂರು: ಈ ಸರಪಣಿಯ ಮೊದಲ ಕೊಂಡಿ ಚನ್ನಗಿರಿ ತಾಲ್ಲೂಕಿನಲ್ಲಿದೆ.

ಎರಡನೆಯ ತಿರುವಿಗೆ ಹೋಗುವ ಮುಂಚೆ ಚನ್ನಗಿರಿಯವನೇ ಒಬ್ಬನನ್ನು ಮಾತನಾಡಿಸಿ ಹೋಗದಿದ್ದರೆ ಆ ಊರಿನವರು ನನ್ನನ್ನು ಬಿಡುವುದಿಲ್ಲ. ಅವನು ಧೋಂಡಿಯಾ ವಾಘ್. ಹುಟ್ಟಿದ್ದು ಚನ್ನಗಿರಿಯಲ್ಲಿ, ಮರಾಠರ ಪವಾರ್ ಮನೆತನ. ಹೈದರಾಲಿಯ ಸೈನ್ಯದಲ್ಲಿ ಕುದುರೆ ಸವಾರ. ಮುಂದೆ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮೇಲೆ ಬಂದ ಗಲಿಬಿಲಿಯಲ್ಲಿ ಸಿಕ್ಕಷ್ಟು ಬಾಚಿಕೊಂಡು ಧಾರವಾಡದ ಕಡೆಗೆ ಪರಾರಿಯಾದ.

ಈ ಕಾರ್ನ್‌ವಾಲಿಸ್ ಯಾರು? ಅಮೆರಿಕದವರು ತಮ್ಮ ಸ್ವಾತಂತ್ರ್ಯದ ಕತೆ ಹೇಳುವಾಗ ಯಾರ್ಕ್‌ಟೌನ್ ಎಂಬ ಊರಿನ ಹೆಸರೆತ್ತದೆ ಮುಗಿಸುವುದಿಲ್ಲ. 1781ರ ಅಕ್ಟೋಬರಿನಲ್ಲಿ ಅಲ್ಲಿ ವಾಷಿಂಗ್ಟನ್ನನಿಗೆ ಶರಣಾದ ಬ್ರಿಟಿಷ್ ಜನರಲ್ ಇವನೇ. ಮೈಗೆ ಹುಷಾರಿಲ್ಲವೆಂದು ಹೇಳಿ ಕತ್ತಿ ಒಪ್ಪಿಸಲು ತನ್ನ ಕೈಕೆಳಗಿನವನನ್ನು ಕಳಿಸಿದ್ದ. ಐದು ವರ್ಷಕ್ಕೆ ಇಂಡಿಯಾದ ಗವರ್ನರ್ ಜನರಲ್ ಆಗಿ ಬಂದ, 1791ರ ಮಾರ್ಚಿನಲ್ಲಿ ಬೆಂಗಳೂರಿನ ಕೋಟೆ ಹಿಡಿದ, 1792ರಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಬರೆಸಿಕೊಂಡ. ಅಲ್ಲಿ ಕಳೆದದ್ದನ್ನು ಇಲ್ಲಿ ಗಳಿಸಿದ ಅನ್ನಿ. ಇನ್ನೊಂದು ಸೋಜಿಗವೂ ಉಂಟು. 1782ರ ಏಪ್ರಿಲಿನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಬಲವಾದ ಬ್ರಿಟಿಷ್ ಹಡಗೊಂದನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರು 'ಹೈದರ್ ಅಲಿ'. ಬ್ರಿಟಿಷರನ್ನು ಕಾಡುತ್ತಿದ್ದ ನಮ್ಮವನ ಹೆಸರನ್ನು ಅವರು ಅಷ್ಟು ದೂರದಲ್ಲಿ ಹಡಗಿನ ಮೇಲೆ ಬರೆಸಿಕೊಂಡಿದ್ದರು.

ಧೋಂಡಿಯಾನ ವಿಷಯಕ್ಕೆ ಬರುತ್ತೇನೆ. ಟಿಪ್ಪು ಅವನನ್ನು ನಯವಾಗಿ ಕರೆಸಿಕೊಂಡ, ಆಮೇಲೆ ಸೆರೆಗೆ ಹಾಕಿದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಸೆರೆಮನೆಯ ಬಾಗಿಲು ತೆರೆಯಿತು. ಹೊರಬಂದವನು ನೇರವಾಗಿ ತನ್ನ ಸೀಮೆಯ ಕಡೆಗೇ ಓಡಿದ. ಕೆಲಸ ಕಳೆದುಕೊಂಡ ಟಿಪ್ಪುವಿನ ಸವಾರರು ಅವನ ಸುತ್ತ ಸೇರಿದರು. ಬಿದನೂರು, ಶಿಕಾರಿಪುರದ ಸೀಮೆ ಕೆಲವು ತಿಂಗಳು ಅವನ ಹೆಸರಿಗೆ ನಡುಗಿತು. 'ಉಭಯ ಲೋಕಾಧೀಶ್ವರ' ಎಂದು ಬಿರುದು ಇಟ್ಟುಕೊಂಡ. ಒಂದು ಲೋಕ ಸಾಲದೆ ಎರಡಕ್ಕೂ ಒಡೆಯ! ಅವನನ್ನು ಹಿಡಿಯಲು ಹೊರಟವನು ಆರ್ಥರ್ ವೆಲ್ಲೆಸ್ಲಿ. 1800ರಲ್ಲಿ ಇದೇ ವೆಲ್ಲೆಸ್ಲಿಗೆ ಡಚ್ಚರ ಬಟೇವಿಯಾದ ಮೇಲೆ ಹೋಗುವ ದಂಡಿನ ಮುಂದಾಳತ್ವ ಕೊಡಲು ಅವನಣ್ಣ, ಗವರ್ನರ್ ಜನರಲ್, ಸಿದ್ಧನಿದ್ದ. ಧೋಂಡಿಯಾನ ಕಾಟ ಮುಗಿಯದೆ ಬಿಡುವಂತಿಲ್ಲ ಎಂದು ಅದು ತಪ್ಪಿತು. 1800ರ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋನಗಲ್ ಬಳಿ ನಾಲ್ಕು ಕುದುರೆ ರೆಜಿಮೆಂಟುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ವೆಲ್ಲೆಸ್ಲಿ ತಾನೇ ಮುಂದೆ ನಿಂತು ಏರಿಹೋದ. ಧೋಂಡಿಯಾ ಅಲ್ಲೇ ಸತ್ತ. ಸಾಮಾನು ಸರಂಜಾಮಿನ ನಡುವೆ ಅವನ ಸಾಕುಮಗ ಸಲಾಬತ್ ಖಾನ್, ಎಳೆ ಹುಡುಗ, ಸಿಕ್ಕಿದ. ಗೆದ್ದವನೇ ಆ ಹುಡುಗನನ್ನು ಸಾಕಲು ಏರ್ಪಾಡು ಮಾಡಿ, ದೇಶ ಬಿಡುವಾಗ ಹಣವನ್ನೂ ಇಟ್ಟುಹೋದ. ಹದಿನೈದು ವರ್ಷಕ್ಕೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಇವನೇ. ಸ್ವತಂತ್ರವಾಗಿ ದಂಡು ನಡೆಸುವುದನ್ನು ಅವನು ಕಲಿತದ್ದು ಚನ್ನಗಿರಿಯವನೊಬ್ಬನ ಬೆನ್ನಟ್ಟಿ. ಧೋಂಡಿಯಾನನ್ನು ಸ್ವಾತಂತ್ರ್ಯ ಹೋರಾಟಗಾರ ಎಂದು ಬ್ಯಾನರು ಹಾಕುವವರಿದ್ದಾರೆ, ಬರೀ ದರೋಡೆಕೋರ ಎಂದು ಬರೆದ ಇಂಗ್ಲಿಷರಿದ್ದಾರೆ. ಅವನು ಎರಡೂ ಅಲ್ಲ. ರಾಜ್ಯವೊಂದು ಕುಸಿದುಬಿದ್ದಾಗ ಕತ್ತಿ ಮಾತ್ರ ಬಲ್ಲ ಸಾವಿರಾರು ಜನ ಹೊಟ್ಟೆಪಾಡಿಗೆ ಹುಡುಕಿಕೊಂಡ ಒಡೆಯ ಅವನು.

ಈಗ ರೈತರ ಕತೆ. ನಾನು ಇದನ್ನೇ ಹೇಳಲು ಕೂತದ್ದು.

ಟಿಪ್ಪು ಸತ್ತ ವರ್ಷವೇ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಈಸ್ಟ್ ಇಂಡಿಯಾ ಕಂಪನಿಯವರು ಗದ್ದುಗೆಗೆ ಕೂರಿಸಿದರು. ದಿವಾನ್ ಪೂರ್ಣಯ್ಯ 1811ರವರೆಗೆ ಆಡಳಿತ ನೋಡಿಕೊಂಡು ಖಜಾನೆ ತುಂಬಿಸಿಟ್ಟು ಇಳಿದರು. ಮುಂದಿನ ಇಪ್ಪತ್ತು ವರ್ಷದಲ್ಲಿ ಆ ಖಜಾನೆ ಬರಿದಾಯಿತು. ದಂಡಿಗೆ ಸಂಬಳ ಬಾಕಿ, ಸಾಹುಕಾರರಿಗೆ ಸಾಲ ಬಾಕಿ. ಆಗ ಹಿಡಿದ ದಾರಿ 'ಶರ್ತು' ಪದ್ಧತಿ. ಅಮಲ್ದಾರ ತನ್ನ ತಾಲ್ಲೂಕಿನಿಂದ ಇಂತಿಷ್ಟು ಕಂದಾಯ ಎತ್ತಿಕೊಡುತ್ತೇನೆಂದು ಮುಂಚೆಯೇ ಬರೆದುಕೊಡಬೇಕು. ಕಡಿಮೆ ಬಿದ್ದರೆ ಅವನೇ ತುಂಬಬೇಕು. ತುಂಬುವುದು ಅವನ ಮನೆಯಿಂದಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಬರಲಿ ಬಿಡಲಿ, ಬೆಳೆ ಕೈಗೆ ಹತ್ತಲಿ ಬಿಡಲಿ, ಬರೆದುಕೊಟ್ಟ ಮೊತ್ತ ರೈತನ ಮನೆಯಿಂದಲೇ ಬರಬೇಕು.

ಆ ಕಾಲದ ತೆರಿಗೆಗಳ ಪಟ್ಟಿ ಓದಿದರೆ ನಗು ಬರುತ್ತದೆ, ಆಮೇಲೆ ನಗು ನಿಲ್ಲುತ್ತದೆ. ಮದುವೆಗೆ ತೆರಿಗೆ. ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ತಲೆಗೂದಲು ತೆಗೆಸಿದರೆ ತೆರಿಗೆ. ಒಂದು ಹಳ್ಳಿಯವರು ಯಾವುದೋ ಕಾಲದಲ್ಲಿ ಪಾಳೆಯಗಾರನ ಕಳೆದುಹೋದ ಕುದುರೆಯನ್ನು ತಮ್ಮ ಹಿರಿಯರು ಹುಡುಕಿಕೊಡಲಿಲ್ಲ ಎಂಬ ತಪ್ಪಿಗೆ ತಲೆತಲಾಂತರ ತೆರಿಗೆ ಕಟ್ಟುತ್ತಿದ್ದರು. ನಗರದಲ್ಲಿ ಒಂದು ಜಾಗವನ್ನು ಕೈಗಳನ್ನು ಮೈಗೆ ಅಂಟಿಸಿಕೊಳ್ಳದೆ ದಾಟಿದವನಿಗೂ ತೆರಿಗೆ. ಮುಂದೆ ಇಂಥ ಚಿಲ್ಲರೆ ಬಾಬುಗಳನ್ನು ರದ್ದು ಮಾಡಿದಾಗ ಲೆಕ್ಕ 769ಕ್ಕೆ ಬಂತು. ಕೈ ಬೀಸಿಕೊಂಡು ನಡೆದದ್ದಕ್ಕೆ ದುಡ್ಡು ಕಟ್ಟಿ ಮನೆಗೆ ಬಂದ ರೈತ ಅಂದು ರಾತ್ರಿ ಹೆಂಡತಿಗೆ ಏನು ಹೇಳಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಹೊನ್ನಾಳಿ, ಚನ್ನಗಿರಿಗಳು ಆಗ ನಗರದ ಫೌಜುದಾರಿ ಎಂಬ ಆಡಳಿತ ವಿಭಾಗಕ್ಕೆ ಸೇರಿದ ಸೀಮೆ. ಈಗಿನ ನ್ಯಾಮತಿ ತಾಲ್ಲೂಕು ಅದೇ ಹೊನ್ನಾಳಿಯ ಮಡಿಲಲ್ಲಿತ್ತು. ಫೌಜುದಾರ ರಾಮರಾಯ ಇಪ್ಪತ್ತು ವರ್ಷದ ಮೇಲೆ ಅಲ್ಲಿ ಕೂತು, ಆಯಕಟ್ಟಿನ ಜಾಗಗಳಲ್ಲೆಲ್ಲ ತನ್ನ ನಂಟರಿಷ್ಟರನ್ನೇ ತುಂಬಿದ್ದ. 1828ರಲ್ಲಿ ಅರಮನೆಯ ನೆಂಟ ವೀರರಾಜ ಅರಸು ಫೌಜುದಾರನಾಗಿ ಬಂದ. ಹಳೆಯ ಲೆಕ್ಕ ತೆರೆಸಿ ನೋಡಿದವನಿಗೆ ಮಾಫಿ ಮಾಡಿದ ಬಾಕಿಗಳು ಕಂಡವು. ಅವನ್ನು ಮತ್ತೆ ಎತ್ತಲು ಹೊರಟ. ಮಾಫಿಯಾಯಿತೆಂದು ನಂಬಿ ನೆಮ್ಮದಿಯಾಗಿದ್ದ ಬಾಕಿ ಬಾಗಿಲು ಬಡಿದರೆ ಏನಾಗುತ್ತದೆಂದು ಬ್ಯಾಂಕಿನ ನೋಟೀಸು ಕಂಡ ನಮ್ಮ ರೈತರಿಗೆ ಗೊತ್ತು. ಅತ್ತ ಹೊಸ ಫೌಜುದಾರನಿಂದ ಕುರ್ಚಿ ಅಲುಗಾಡಿದ ಹಳೆಯ ಬಳಗ ಒಳಗೊಳಗೇ ಬೆಂಕಿಗೆ ಗಾಳಿ ಹಾಕಿತು.

1830ರ ಮಳೆಗಾಲದಿಂದಲೇ ಹಳ್ಳಿಯಿಂದ ಹಳ್ಳಿಗೆ ಕಾಗದ ಹರಿದಾಡಿತು. ವರ್ಷದ ಕೊನೆಗೆ ಹೊಸಂತೆ ಎಂಬಲ್ಲಿ ರೈತರು ನೆರೆದರು. ಹೀಗೆ ನೆರೆಯುವುದಕ್ಕೆ ಅವರು ಇಟ್ಟುಕೊಂಡ ಹೆಸರು 'ಕೂಟ'. ಅದೇ ಸಮಯಕ್ಕೆ ಘಟ್ಟದ ಕೆಳಗೆ ಕನ್ನಡ ಜಿಲ್ಲೆಯಲ್ಲೂ ರೈತರು ಕೂಟ ಸೇರಿ ಕಂದಾಯ ನಿಲ್ಲಿಸಿದ್ದರು. ಕೂಟ ಎಂದರೆ ಗಲಭೆಯಲ್ಲ. ಬೀಡು ಬಿಟ್ಟು ಕೂರುವುದು, ಅಹವಾಲು ಬರೆಯುವುದು, ಸರಿಯಾಗುವವರೆಗೆ ಕಂದಾಯ ಕಟ್ಟದಿರುವುದು. ಗಾಂಧಿ ಹುಟ್ಟಲು ಇನ್ನೂ 39 ವರ್ಷ ಬಾಕಿ ಇತ್ತು.

ಕೂಟದ ಜೊತೆ ಬೇರೆ ಬೇರೆ ಆಸೆಗಳೂ ಬಂದು ಸೇರಿದವು. ಸಾದರ ಮಲ್ಲ ಎಂಬವನೊಬ್ಬ ಇದ್ದ, ರೈತನ ಮಗ, ಸೆರೆಮನೆಯನ್ನೂ ಕಂಡವನು. ಹಳೆಯ ಬಿದನೂರು ಅರಸರ ಮುದ್ರೆಗಳು ಅವನ ಕೈಗೆ ಸಿಕ್ಕಿದ್ದವು. ಮುದ್ರೆ ಸಿಕ್ಕ ಮೇಲೆ ಅರಸನಾಗಲು ಏನು ಅಡ್ಡಿ? ಬೂದಿ ಬಸವಪ್ಪ ಎಂದು ಹೆಸರಿಟ್ಟುಕೊಂಡು ತಾನೇ ನಗರದ ಖಾವಂದ ಎಂದ, ಪಟ್ಟ ಸಿಕ್ಕರೆ ಕಂದಾಯ ಇಳಿಸುತ್ತೇನೆಂದ. ಇನ್ನೊಬ್ಬ ತರೀಕೆರೆಯ ರಂಗಪ್ಪನಾಯಕ. ಮೈಸೂರಿನಿಂದ ತಪ್ಪಿಸಿಕೊಂಡು ಬಂದು ಹಿರಿಯರ ಗುಡ್ಡದ ದುರ್ಗಗಳನ್ನು ಹಿಡಿದ. ನೆನಪಿರಲಿ ಎಂದೆನಲ್ಲ, ಸಂತೆಬೆನ್ನೂರಿನ ಪುಷ್ಕರಣಿ ಕಟ್ಟಿಸಿದ ಅದೇ ಮನೆತನ. ಷಹಾಜಿ ಬಂದ ದಂಡಿನಿಂದ ನೆಲೆ ಕಳೆದುಕೊಂಡವರ ಕುಡಿ ಈಗ ರೈತರ ಕೂಟದ ಬೆನ್ನಿಗೆ ನಿಂತಿತು.

ರಾಜರು ತಾವೇ 1830ರ ಡಿಸೆಂಬರಿನಲ್ಲಿ ದಂಡಿನೊಂದಿಗೆ ಹೊರಟರು. ಶಿಕ್ಷೆಗಳಾದವು, ಜನ ಹೆದರುವುದರ ಬದಲು ಕೆರಳಿದರು. ಮೈಸೂರಿನ ಪಡೆಗೆ ಆಗದೆ ಕಂಪನಿಯ ಸೈನ್ಯ ಬಂತು. 1831ರ ಜೂನ್ 12ರಂದು ಕರ್ನಲ್ ಇವಾನ್ಸ್ ನಗರವನ್ನು ಹಿಡಿದ. ಅಲ್ಲಿಗೆ ದಂಗೆ ಮುಗಿಯಿತು ಎಂದು ಬರೆಯುವುದು ವಾಡಿಕೆ. ಆದರೆ ಅದರ ಪರಿಣಾಮ ಶುರುವಾದದ್ದೇ ಆಮೇಲೆ.

ಗವರ್ನರ್ ಜನರಲ್ ವಿಲಿಯಂ ಬೆಂಟಿಂಕನಿಗೆ 1799ರ ಒಪ್ಪಂದದಲ್ಲೇ ಒಂದು ಕಲಮು ಸಿದ್ಧವಾಗಿತ್ತು: ಆಡಳಿತ ಕೆಟ್ಟರೆ ಕಂಪನಿ ಅದನ್ನು ವಹಿಸಿಕೊಳ್ಳಬಹುದು. 1831ರ ಸೆಪ್ಟೆಂಬರಿನಲ್ಲಿ ಕಾಗದ ಬಂತು, ಅಕ್ಟೋಬರ್ 19ರಂದು ಮಹಾರಾಜರು ಸದ್ದಿಲ್ಲದೆ ಆಡಳಿತ ಒಪ್ಪಿಸಿದರು. ತಮಾಷೆಯೆಂದರೆ, ವಿಚಾರಣೆಗೆ ಸಮಿತಿ ನೇಮಿಸಿದ್ದು ಶಿಕ್ಷೆ ಕೊಟ್ಟ ಮೇಲೆ. ಅದರ ವರದಿ ಕೈಸೇರಿದ್ದು 1833ರ ಕೊನೆಗೆ. ಅದನ್ನು ಓದಿದ ಬೆಂಟಿಂಕ್ ತಾನು ಆತುರಪಟ್ಟೆನೆಂದು ಮರುಗಿ, ರಾಜ್ಯದ ಬಹುಭಾಗವನ್ನು ಅರಸರಿಗೆ ಮರಳಿಸುವ ಯೋಚನೆ ಮುಂದಿಟ್ಟ. ಲಂಡನ್ನಿನವರು ಒಪ್ಪಲಿಲ್ಲ. ರಾಜ್ಯ ಒಡೆಯರ ಮನೆತನಕ್ಕೆ ಮರಳಿದ್ದು 1881ರ ಮಾರ್ಚ್ 25ರಂದು, ಐವತ್ತು ವರ್ಷ ಕಳೆದ ಮೇಲೆ. ಮುಮ್ಮಡಿಯವರು ಅದನ್ನು ನೋಡಲು ಉಳಿದಿರಲಿಲ್ಲ, 1868ರಲ್ಲೇ ತೀರಿಕೊಂಡಿದ್ದರು.

ಆ ಐವತ್ತು ವರ್ಷದಲ್ಲಿ ಏನಾಯಿತೆಂಬುದು ಇಂದಿಗೂ ಕಣ್ಣಿಗೆ ಕಾಣುತ್ತದೆ. ಆಡಳಿತ ನಡೆಸಲು ಬಂದ ಬ್ರಿಟಿಷ್ ಕಮಿಷನರುಗಳು ಕಚೇರಿ ಹಾಕಿದ್ದು ಮೈಸೂರಿನಲ್ಲಲ್ಲ, ದಂಡು ಬೀಡುಬಿಟ್ಟಿದ್ದ ಬೆಂಗಳೂರಿನಲ್ಲಿ. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಅಲ್ಲಿಂದಲೇ ಆಳಿದ. ಶರ್ತು ಪದ್ಧತಿ ಹೋಯಿತು, ಆ ವಿಚಿತ್ರ ತೆರಿಗೆಗಳು ಹೋದವು. ರಸ್ತೆಗಳು ಬಂದವು, ಕಚೇರಿಗಳು ಬೆಳೆದವು. 1881ರಲ್ಲಿ ರಾಜ್ಯ ಮರಳಿ ಬಂದಾಗಲೂ ಕಡತಗಳು ಬೆಂಗಳೂರು ಬಿಟ್ಟು ಕದಲಲಿಲ್ಲ. 1956ರಲ್ಲಿ ಕನ್ನಡಿಗರೆಲ್ಲ ಒಂದಾದಾಗ ರಾಜಧಾನಿ ಅಲ್ಲಿಯೇ ಸಿದ್ಧವಾಗಿತ್ತು.

ಹಾಗಾದರೆ ರೈತರು ಗೆದ್ದರೇ? ಅವರು ಕೇಳಿದ್ದು ಕಂದಾಯ ಇಳಿಸಿ ಎಂದು. ಅದು ಕೊಂಚ ಸಿಕ್ಕಿತು. ಅದರ ಬೆಲೆಯಾಗಿ ಒಂದು ರಾಜ್ಯವೇ ಕಂಪನಿಯ ಕೈಗೆ ಹೋಗುತ್ತದೆ ಎಂದು ಕೂಟದಲ್ಲಿ ಕೂತ ಯಾರೂ ಎಣಿಸಿರಲಾರರು. ನನ್ನ ಲೆಕ್ಕದಲ್ಲಿ ಅವರು ಗೆದ್ದರು, ಆದರೆ ಗೆಲುವಿನ ಕೀರ್ತಿ ಕಬ್ಬನ್ನನಿಗೆ ಹೋಯಿತು.

ನಮ್ಮ ತಾಲ್ಲೂಕುಗಳು ಒಂದೇ ಜಿಲ್ಲೆಗೆ ಬಂದದ್ದು ತೀರ ಈಚೆಗೆ. 1997ರ ಆಗಸ್ಟ್ 15ರವರೆಗೆ ಜಗಳೂರು ಚಿತ್ರದುರ್ಗಕ್ಕೆ, ಹೊನ್ನಾಳಿ ಚನ್ನಗಿರಿಗಳು ಶಿವಮೊಗ್ಗಕ್ಕೆ ಸೇರಿದ್ದವು. ದಾವಣಗೆರೆ ಜಿಲ್ಲೆ ಮಾಡಿದ ಜೆ.ಎಚ್. ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು, 1967ರಲ್ಲಿ ಲೋಕಸಭೆಯಲ್ಲಿ ಮೊದಲ ಸಲ ಕನ್ನಡದಲ್ಲಿ ಮಾತನಾಡಿದವರು. ಭದ್ರೆಯ ನೀರು ಕಂಡ ಚನ್ನಗಿರಿಯ ಅಡಿಕೆ ತೋಟಕ್ಕೂ ಮುಗಿಲು ನೋಡುವ ನಮ್ಮ ಸೊಕ್ಕೆಯ ಮೆಕ್ಕೆಜೋಳದ ಹೊಲಕ್ಕೂ ನಂಟು ಈ ಒಂದು ಜಿಲ್ಲೆಯ ಹೆಸರಿನಲ್ಲಷ್ಟೇ ಇದೆ ಎಂದುಕೊಂಡಿದ್ದೆ. ಶರ್ತಿನ ಕಾಲದ ಕತೆ ಓದಿದ ಮೇಲೆ ಹಾಗನಿಸುತ್ತಿಲ್ಲ.

ತಮ್ಮಾ, ಮೆಜೆಸ್ಟಿಕ್‌ನಲ್ಲಿ ಬೆಳಗ್ಗೆ ಇಳಿದು ಕೆಲಸಕ್ಕೆ ಹೋಗುವಾಗ ಕಬ್ಬನ್ ರಸ್ತೆ ಸಿಗುತ್ತದೆ, ಕಬ್ಬನ್ ಪಾರ್ಕು ಸಿಗುತ್ತದೆ, ಪಾರ್ಕಿನೊಳಗೆ ಅವನ ಕುದುರೆ ಏರಿದ ಪ್ರತಿಮೆಯೂ ಇದೆ. ಹೊಸಂತೆಯ ಹೆಸರಿನ ಒಂದು ಅಡ್ಡರಸ್ತೆಯೂ ನನಗೆ ಅಲ್ಲಿ ಈವರೆಗೆ ಕಂಡಿಲ್ಲ. ಹಬ್ಬಕ್ಕೆ ಊರಿಗೆ ಬಂದಾಗ ಒಂದು ದಿನ ಉಳಿಸಿಕೋ. ದಾವಣಗೆರೆಯಲ್ಲಿ ಬಸ್ಸು ಬದಲಾಯಿಸಿ ಸಂತೆಬೆನ್ನೂರಿನ ಹೊಂಡ ನೋಡಿಕೊಂಡು ಚನ್ನಗಿರಿಗೆ ಹೋಗು, ಅಲ್ಲಿಂದ ಹೊದಿಗೆರೆ ದೂರವೇನಿಲ್ಲ. ಸಮಾಧಿ ಎಲ್ಲಿ ಎಂದು ಊರಿನಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ.